ಕೊರಡಿಗೆ ಕಚ್ಚಾ ಹೊಲಿಗೆ

ಫೆಬ್ರವರಿ ೩

ಮಗಳೇ ಗುಂಡುಸೂಜಿ,

ಆಶೀರ್ವಾದ ಕೊನೆಯಲ್ಲಿ ಮಾಡುತ್ತೇನೆ. ಮೊದಲು ಬೈಗುಳ.

ನೀನು ಊರು ಬಿಡುವಾಗ ನನ್ನ ಹೊಲಿಗೆ ಅಂಗಡಿಯ ಮುಂಗಾಜಿನ ಹಿಂದೆ ಒಂದು ಮೀನಿನ ತೊಟ್ಟಿ ಬಿಟ್ಟುಹೋದೆ. ಮೀನಿಲ್ಲ, ನೀರಿಲ್ಲ, ಒಳಗೊಂದು ಒಣ ಕೊರಡು. "ಮುಂದಿನ ತಿಂಗಳು ಬಂದು ತಗೊಂಡು ಹೋಗ್ತೀನಿ" ಅಂದಿದ್ದೆ. ನಿನ್ನ ಆ ಮುಂದಿನ ತಿಂಗಳು ಬರುವಷ್ಟರಲ್ಲಿ ನನ್ನ ಗಿರಾಕಿಗಳ ಮಕ್ಕಳೆಲ್ಲ ಎರಡು ಅಳತೆ ದೊಡ್ಡವರಾದರು. ಬಂದವರೆಲ್ಲ ಕೇಳುತ್ತಾರೆ, "ಏನ್ರೀ ಇದು, ಗಾಜಿನ ಪೆಟ್ಟಿಗೇಲಿ ಸೌದೆ ಇಟ್ಟಿದ್ದೀರಾ?" ಏನು ಹೇಳಲಿ? ಮಗಳು ಕತ್ತರಿ ಬಿಸಾಡಿ, ದೂರದ ಊರಲ್ಲಿ ಅಕ್ವೇರಿಯಂ ಮಾಡುವವರ ಹತ್ತಿರ ಸೌದೆಗೆ ಪಾಚಿ ಕಟ್ಟುತ್ತಾಳೆ ಅನ್ನಲೇ? ಬಟ್ಟೆ ಒಗೆಯುವ ಕಲ್ಲಿನ ಪಾಚಿ ಉಜ್ಜಿ ಉಜ್ಜಿಯೇ ನನ್ನ ಅರ್ಧ ಆಯುಸ್ಸು ಹೋಯಿತು. ನೀನು ಅದನ್ನು ಸಾಕುತ್ತೀಯ!

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ನಿನ್ನ ಸೋದರಮಾವ ಬಂದಿದ್ದ. ಕಟ್ಟಡ ತನ್ನ ಹೆಸರಿನಲ್ಲಿದೆ ಅನ್ನುವುದನ್ನು ಅವನು ಹೊಸ್ತಿಲು ದಾಟುವ ಗತ್ತಿನಲ್ಲೇ ತೋರಿಸುತ್ತಾನಲ್ಲ, ಹಾಗೇ ಬಂದ. ಕುರ್ಚಿ ಎಳೆದುಕೊಂಡು, "ನಿನಗೂ ವಯಸ್ಸಾಯ್ತು ಕಣೇ. ಜೂನ್ ಮುಗಿಯೋದರೊಳಗೆ ಅಂಗಡಿ ಖಾಲಿ ಮಾಡು. ಕನ್ನಡಕದ ವ್ಯಾಪಾರಿ ಒಬ್ಬ ಕೇಳ್ತಿದ್ದಾನೆ. ನಮ್ಮನೆ ಹಿಂದಿನ ಕೋಣೆ ಖಾಲಿ ಇದೆ, ಬಂದು ಹಾಯಾಗಿ ಇದ್ದುಬಿಡು" ಅಂದ. ಹೋಗುವಾಗ ತೊಟ್ಟಿಯ ಗಾಜನ್ನು ಬೆರಳಲ್ಲಿ ತಟ್ಟಿ, "ಮೊದಲು ಈ ಕಸ ಎಸಿ. ಇದನ್ನ ನೋಡಿದರೇ ಗೊತ್ತಾಗತ್ತೆ, ಈ ಅಂಗಡೀಲಿ ಜೀವ ಇಲ್ಲ ಅಂತ" ಅಂತಲೂ ಅಂದ.

ಎಸೆಯಬೇಕೆಂದೇ ಇದ್ದೆ. ಗುಜರಿಯವನಿಗೆ ಹೇಳಿಯೂ ಆಗಿತ್ತು. ಆದರೆ ಅಣ್ಣ ಎಸೆ ಅಂದಮೇಲೆ ಇನ್ನು ಎಸೆಯುವುದುಂಟೇ? "ಜೂನ್ ಕೊನೇಲಿ ಬಾ ಅಣ್ಣಾ. ಈ ತೊಟ್ಟೀಲೂ ಜೀವ ಇರತ್ತೆ, ಅಂಗಡೀಲೂ ಇರತ್ತೆ. ಇಲ್ಲದಿದ್ದರೆ ಬೀಗದ ಕೈ ನಾನೇ ತಂದು ನಿನ್ನ ಕೈಯಲ್ಲಿ ಇಡ್ತೀನಿ" ಅಂದುಬಿಟ್ಟೆ. ಅವನು "ಮಾತು ಮಾತೇ" ಅಂದ. ನಾನೂ "ಮಾತು ಮಾತೇ" ಅಂದೆ.

ಆದ್ದರಿಂದ ಹೇಳು, ಕೊರಡಿಗೆ ಪಾಚಿ ಕಟ್ಟುವುದು ಹೇಗೆ? ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೆ ಕಿರುಚುತ್ತೇವೆ, ಮೂರನೆಯದಕ್ಕೆ ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ನನ್ನ ಮಾತು ಪೂರ್ತಿ ಕೇಳಲೇಬೇಕು.

ಇದೇನು ಟೈಪ್ ಮಾಡಿದ ಕಾಗದ ಅಂತ ಹುಬ್ಬೇರಿಸಬೇಡ. ಪಕ್ಕದ ಜೆರಾಕ್ಸ್ ಅಂಗಡಿಯವಳು ಹೊಸ ಕಂಪ್ಯೂಟರ್ ತಂದಿದ್ದಾಳೆ. ನಾನು ಹೇಳುತ್ತೇನೆ, ಅವಳು ಹೊಡೆಯುತ್ತಾಳೆ. ಏಯ್, ನಗಬೇಡ್ವೇ. ನೋಡು, ಅದನ್ನೂ ಹೊಡೆದಳು.

ಆಶೀರ್ವಾದ,
ನಿನ್ನ ಅಮ್ಮ
(ಈಗಲೂ ಅಂಗಡಿಯ ಒಡತಿ)


ಫೆಬ್ರವರಿ ೧೨

ಅಮ್ಮಾ,

ನಾನು ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದೀಯ. ಕಾಗದವನ್ನು ಇಡೀ ವರ್ಕ್‌ಶಾಪಿಗೆ ಗಟ್ಟಿಯಾಗಿ ಓದಿದೆ. ನಮ್ಮ ಯಜಮಾನಿಯನ್ನು ಎಲ್ಲರೂ ತೊಟ್ಟಿಯಮ್ಮ ಅಂತಲೇ ಕರೆಯುವುದು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ನಿಮ್ಮಮ್ಮನ್ನ ಇಲ್ಲಿಗೆ ಕಳಿಸು, ನೀನು ಅಲ್ಲಿಗೆ ಹೋಗು" ಅಂದರು.

ಒಂದು ಜುಜುಬಿ ಪಾಚಿಯ ಮೇಲೆ ಅಂಗಡಿಯನ್ನೇ ಪಣಕ್ಕಿಟ್ಟವಳು ಲೋಕದಲ್ಲಿ ನೀನೊಬ್ಬಳೇ ಇರಬೇಕು. ತಲೆ ಚಚ್ಚಿಕೊಂಡೆ. ಆದರೂ ಪಾಚಿ ಕಳಿಸುತ್ತಿದ್ದೇನೆ, ನಿನ್ನ ಒಗೆಯುವ ಕಲ್ಲಿನ ಲೋಳೆಯಲ್ಲ, ನೀರಲ್ಲಿ ಎಳೆಎಳೆಯಾಗಿ ಬೆಳೆಯುವ ಜಾತಿ. ಪೊಟ್ಟಣದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದೆ, ಬಂದ ದಿನವೇ ಬಿಚ್ಚು.

ಮೊದಲು ಕೊರಡನ್ನು ಕುದಿಸು, ಆಮೇಲೆ ನೀರಿನಲ್ಲಿ ಮುಳುಗಿಸಿ ಮೇಲೆ ಭಾರ ಇಟ್ಟಿರು. ನೀರು ಚಹಾ ಬಣ್ಣಕ್ಕೆ ಬರುತ್ತದೆ. ಹೆದರಬೇಡ, ಚೆಲ್ಲಿ ಬೇರೆ ನೀರು ಹಾಕು. ಭಾರ ತೆಗೆದರೂ ಕೊರಡು ಮೇಲೆ ಏಳದಿದ್ದರೆ ಸಿದ್ಧ ಅಂತ ಲೆಕ್ಕ. ಪಾಚಿಯನ್ನು ತೆಳ್ಳಗೆ ಹರಡು. ಎಷ್ಟು ತೆಳ್ಳಗೆ ಅಂದರೆ ಅದರ ಸಂದಿಯಲ್ಲಿ ಮರ ಕಾಣಬೇಕು. ಅದರ ಮೇಲೆ ತೆಳ್ಳನೆಯ ಹತ್ತಿ ದಾರ ಸುತ್ತು, ಬಿಗಿಯದೆ, ಸುಮ್ಮನೆ ತಡೆಯುವಷ್ಟು. ಒಂದೆರಡು ತಿಂಗಳಲ್ಲಿ ದಾರ ನೀರಲ್ಲಿ ಕೊಳೆತು ಬಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಪಾಚಿ ತಾನೇ ಮರವನ್ನು ಹಿಡಿದುಕೊಂಡಿರುತ್ತದೆ. ಅಂಟು ಹಾಕಿದರೂ ನಡೆಯುತ್ತದೆ. ಆದರೆ ಅಂಟು ಹಾಕು ಅಂದರೆ ನೀನು ಈ ಕಾಗದವನ್ನೇ ಹರಿದು ಹಾಕುತ್ತೀಯ.

ಇನ್ನೊಂದು. ನಿನಗೆ ವಯಸ್ಸಾಯಿತು ಅಂತ ಮಾವನಿಗೆ ಇದ್ದಕ್ಕಿದ್ದಂತೆ ಯಾಕೆ ಅನ್ನಿಸಿತು? ಚೆನ್ನಾಗಿದ್ದೀಯ ತಾನೇ?

ನಿನ್ನ
ಗುಂಡುಸೂಜಿ


ಮಾರ್ಚ್ ೧

ಗುಂಡುಸೂಜಿ,

ಕೊಳೆಯುವ ದಾರವಂತೆ! ಬಿಗಿಯಬಾರದಂತೆ! ಇದನ್ನು ಕಲಿಯಲು ನೀನು ರೈಲು ಹತ್ತಿ ಅಷ್ಟು ದೂರ ಹೋಗಬೇಕಿತ್ತೇ? ಕೆಟ್ಟ ಹೊಲಿಗೆ ಹಾಕುವವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ನನ್ನ ಹೊಲಿಗೆ ಬಿಟ್ಟುಕೊಂಡಿತು ಅಂತ ಇದುವರೆಗೆ ಒಬ್ಬರು ನನ್ನ ಮೆಟ್ಟಿಲು ಹತ್ತಿಲ್ಲ. ಬಟ್ಟೆ ಹರಿದಿದೆ, ಹೊಲಿಗೆ ನಿಂತಿದೆ. ಅಂಥವಳ ಅಂಗಡಿಯ ಮುಂಗಾಜಿನಲ್ಲಿ, ದಾರಿಯಲ್ಲಿ ಹೋಗುವವರೆಲ್ಲ ನೋಡುವ ಜಾಗದಲ್ಲಿ, ಕೊಳೆಯುವ ದಾರ ಇಡುತ್ತೇನೆಯೇ?

ಜೀನ್ಸ್ ಹೊಲಿಯುವ ದಾರ ತೆಗೆದುಕೊಂಡೆ. ಜೋಡಿ ಎಳೆ. ಪಾಚಿಯನ್ನು ನೀನು ಕಳಿಸಿದಷ್ಟನ್ನೂ, ದಿಂಬಿಗೆ ಹತ್ತಿ ತುಂಬಿದ ಹಾಗೆ ಗಟ್ಟಿಯಾಗಿ ಒತ್ತಿ ಕಟ್ಟಿದ್ದೇನೆ. ಹುಲಿ ಬಂದು ಎಳೆದರೂ ಬರುವುದಿಲ್ಲ. ಜೆರಾಕ್ಸಿನವಳು ನೋಡಿ "ಅಬ್ಬಾ, ಸೋಫಾ ಇದ್ದ ಹಾಗಿದೆ" ಅಂದಳು. ಈಗ ಅದನ್ನು ಟೈಪ್ ಮಾಡುತ್ತಾ ತಲೆಯಾಡಿಸುತ್ತಿದ್ದಾಳೆ.

ಅಣ್ಣ ನಿನ್ನೆ ಹಾದು ಹೋಗುವಾಗ ಗಾಜಿಗೆ ಮೂಗು ಒತ್ತಿ ನೋಡಿದ. ನಾನು ಒಳಗಿನಿಂದ ಕೈ ಬೀಸಿದೆ. ಸರಸರ ನಡೆದುಬಿಟ್ಟ.

ನಾನು ಚೆನ್ನಾಗಿದ್ದೇನೆ. ಕೇಳುವುದಿದ್ದರೆ ಪಾಚಿ ಹೇಗಿದೆ ಅಂತ ಕೇಳು.

ನಿನ್ನ ಅಮ್ಮ
(ಒಡತಿ, ಹುಲಿ ಬಂದರೂ)


ಮಾರ್ಚ್ ೨೨

ಗುಂಡುಸೂಜಿ,

ಪಾಚಿ ಕಂದಾಗಿದೆ. ಮೇಲೆ ಸ್ವಲ್ಪ ಹಸಿರು ಇದೆ, ಒಳಗೆ ಬೆರಳಿಟ್ಟರೆ ಕೊಳೆತ ಸೊಪ್ಪು. ಚರಂಡಿ ನಾತ. ಸಮವಸ್ತ್ರದ ಅಳತೆ ಕೊಡಲು ಬಂದ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡೇ ನಿಂತಿದ್ದಳು.

ನೀನು ಕಳಿಸಿದ ಪಾಚಿಯೇ ಸರಿ ಇರಲಿಲ್ಲ. ಬೇಕಾದರೆ ನೋಡಿಕೋ, ಕೊರಡನ್ನು ಕಟ್ಟಿದ ಹಾಗೇ ಪಾರ್ಸೆಲ್ ಮಾಡಿದ್ದೇನೆ. ಯಾರ ತಪ್ಪು ಅಂತ ನಿನ್ನ ತೊಟ್ಟಿಯಮ್ಮನೇ ಹೇಳಲಿ.

ಅಮ್ಮ


ಮಾರ್ಚ್ ೩೦

ಅಮ್ಮಾ,

ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ನಿನ್ನನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವುದೂ. ಪಾಚಿ ಸರಿಯಾಗಿಯೇ ಇತ್ತು. ಅದಕ್ಕೆ ಬೆಳಕು ಬೇಕು, ನೀರು ಓಡಾಡಬೇಕು. ನೀನು ದಿಂಬು ಮಾಡಿ ಬಿಗಿದೆ, ಒಳಗಿದ್ದದ್ದು ಉಸಿರು ಕಟ್ಟಿ ಸತ್ತಿತು. ಹೀಗೆಂದು ನಗುತ್ತಲೇ ಬರೆಯಬೇಕು ಅಂದುಕೊಂಡು ದಾರ ಬಿಚ್ಚಲು ಕೂತೆ.

ಆಮೇಲೆ ನಗು ಬರಲಿಲ್ಲ.

ನಿನ್ನ ಗಂಟು ನನಗೆ ಗೊತ್ತು ಅಮ್ಮಾ. ಒಂದೇ ಗಂಟು, ಬಟ್ಟೆಯ ಮೇಲೆ ಮಲಗಿಬಿಡುತ್ತದೆ, ಬೆರಳು ಸವರಿದರೂ ಸಿಗುವುದಿಲ್ಲ. ಇಲ್ಲಿ ಒಂದರ ಮೇಲೊಂದು ಏಳೆಂಟು ಗಂಟು, ಎಲ್ಲಾ ಎದ್ದು ನಿಂತಿವೆ. ಅರ್ಧಕ್ಕರ್ಧ ಕುಣಿಕೆಯೊಳಗೆ ಹೋಗದೆ ಪಕ್ಕಕ್ಕೆ ಜಾರಿವೆ. ದಾರದ ತುದಿಯಲ್ಲಿ ಹಲ್ಲಿನ ಗುರುತು. ಹಲ್ಲಲ್ಲಿ ದಾರ ಕಡಿದದ್ದಕ್ಕೆ ನನ್ನ ಬೆನ್ನ ಮೇಲೆ ಅಳತೆಪಟ್ಟಿ ಬೀಸಿದವಳು ನೀನು. ಕತ್ತರಿ ಹಿಡಿಯಲು ಆಗಲಿಲ್ಲ, ಅಲ್ಲವೇ?

ಟೈಪ್ ಮಾಡಿದ ಕಾಗದ. ಇದ್ದಕ್ಕಿದ್ದಂತೆ ವಯಸ್ಸಾಯಿತು ಅಂದ ಮಾವ. ಮಂಕುದಿಣ್ಣೆ ನಾನು, ನಿನ್ನ ಬೈಗುಳಕ್ಕೆ ನಗುತ್ತಾ ಕೂತಿದ್ದೆ.

ನಿನ್ನ ಕೈಗೆ ಏನಾಗಿದೆ? ಯಾವಾಗಿನಿಂದ? ಯಾಕೆ ಹೇಳಲಿಲ್ಲ?

ತೊಟ್ಟಿಯಮ್ಮನಿಗೆ ಹೇಳಿದ್ದೇನೆ. ನನಗೆಂದೇ ಒಂದು ದೊಡ್ಡ ತೊಟ್ಟಿಯ ಕೆಲಸ ಕೊಟ್ಟಿದ್ದರು, ಅದು ಬೇರೆಯವರಿಗೆ ಹೋಗಲಿ. ಬರುವ ಭಾನುವಾರದ ಮುಂದಿನ ಭಾನುವಾರ ಹೊರಡುತ್ತೇನೆ. ಅಂಗಡಿಯಲ್ಲಿ ನಾನು ಕೂರುತ್ತೇನೆ. ಮಾವ ಏನು ಮಾಡುತ್ತಾನೋ ನೋಡೋಣ.

ಗುಂಡುಸೂಜಿ


ಏಪ್ರಿಲ್ ೪

ಗುಂಡುಸೂಜಿ,

ಇದು ನನ್ನ ಕೈಬರಹ. ಚೆನ್ನಾಗಿ ನೋಡಿಕೋ. ಸಾಲು ಡೊಂಕು, ಅಕ್ಷರ ಡೊಂಕು, ನಾಲ್ಕು ಸಾಲಿಗೆ ಒಂದು ಲೋಟ ನೀರು ಕುಡಿಯಬೇಕಾಗಿದೆ. ಬಲಗೈ ನಡುಗುತ್ತದೆ. ಕಳೆದ ವರ್ಷ ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಕಡಿಮೆ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ ಅಂದಿದ್ದಾರೆ. ಕೇಳಿದೆಯಲ್ಲ, ಹೇಳಿದೆ.

ನಡುಗುವುದು ಕೈ. ನಾನಲ್ಲ.

ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ, ಬೀದಿಯಲ್ಲಿ ನಿಂತು ಕೂಗು, ನನಗೇನು. ನೀನು ಹೋಗುವಾಗ ನನ್ನ ಜೊತೆ ಜಗಳವಾಡಿ ಹೋದೆ. "ನಂಗೆ ನನ್ನದೇ ಕೆಲಸ ಬೇಕು, ನಿನ್ನದಲ್ಲ" ಅಂತ ಅಂಗಡಿಯ ಮಧ್ಯೆ ನಿಂತು, ಗಿರಾಕಿಗಳ ಎದುರಿಗೆ ಕಿರುಚಿದೆ. ನನಗೆ ಮೈಯೆಲ್ಲ ಉರಿಯಿತು. ಆ ರಾತ್ರಿ ಊಟ ಸೇರಲಿಲ್ಲ. ಆದರೆ ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಒಳಗೊಳಗೇ ಹೆಮ್ಮೆಯೂ ಆಯಿತು. ಈಗ ಅಯ್ಯೋ ಪಾಪ ಅಂತ ವಾಪಸು ಬಂದರೆ ಆ ಜಗಳಕ್ಕೆ ಏನು ಬೆಲೆ ಉಳಿಯಿತು?

ಮತ್ತೆ ನೀನು ಬಂದು ನನ್ನ ಕುರ್ಚಿಯಲ್ಲಿ ಕೂತ ದಿನವೇ ಅಣ್ಣ ಗೆದ್ದ ಹಾಗೆ. "ನೋಡಿದೆಯಾ, ನಿನ್ನ ಕೈಲಾಗಲಿಲ್ಲ" ಅನ್ನುತ್ತಾನೆ. ನಾನು ಅವನಿಗೆ ಮಾತು ಕೊಟ್ಟದ್ದು ನನ್ನ ಕೈ ನಂಬಿ, ನಿನ್ನ ಕೈ ನಂಬಿ ಅಲ್ಲ.

ಪಾಚಿ ಕಳಿಸು. ಕೊರಡು ಕಳಿಸು. ನೀನು ಬರಬೇಡ.

ಅಮ್ಮ


ಏಪ್ರಿಲ್ ೧೫

ಅಮ್ಮಾ,

ಟಿಕೆಟ್ ಹರಿದು ಹಾಕಿದೆ. ಪ್ರೀತಿಯಿಂದ ಅಲ್ಲ, ಸಿಟ್ಟಿನಿಂದ. ಮೊಂಡ ರಾಜನಿಗಿಂತ ಬಲಿಷ್ಠ ಅನ್ನುತ್ತಾರಲ್ಲ, ಅದಕ್ಕೆ ಮೊಂಡಿ ಅಂತ ಸೇರಿಸಲು ಮರೆತಿದ್ದಾರೆ.

ತೊಟ್ಟಿಯಮ್ಮ ನಿನ್ನ ಕಾಗದ ಓದಿ ಒಂದೇ ಮಾತು ಹೇಳಿದರು: "ಅವರು ಕೇಳಿದ್ದು ಕಳಿಸು, ಕೇಳದೇ ಇರೋದು ಕಳಿಸಬೇಡ." ಅದಕ್ಕೇ ಅದೇ ಕೊರಡನ್ನು ಉಜ್ಜಿ ತೊಳೆದು, ಹೊಸ ಪಾಚಿ ಜೊತೆ ಕಳಿಸಿದ್ದೇನೆ. ನಾನು ಇಲ್ಲೇ ಇದ್ದೇನೆ. ರಾತ್ರಿ ಮಲಗಿದರೆ ನಿನ್ನ ಆ ಎದ್ದು ನಿಂತ ಗಂಟುಗಳೇ ಕಣ್ಣ ಮುಂದೆ ಬರುತ್ತವೆ, ಅದನ್ನು ನೀನು ಬೇಡ ಅಂದರೂ ಹೇಳಿಯೇ ಹೇಳುತ್ತೇನೆ.

ಒಂದು ವಿಷಯ ಹೇಳಲೇ, ಬೇಜಾರು ಮಾಡಿಕೊಳ್ಳಬೇಡ. ಪಾಚಿ ಕಟ್ಟುವಾಗ ದಾರ ನೇರವಾಗಿ, ಸಮಸಮವಾಗಿ ಇದ್ದರೆ ಅದು ಯಾರೋ ಕಟ್ಟಿದ ಹಾಗೆ ಕಾಣುತ್ತದೆ. ಅಡ್ಡಾದಿಡ್ಡಿ ಇದ್ದರೇ ತಾನಾಗಿ ಬೆಳೆದ ಹಾಗೆ ಕಾಣುವುದು. ನಾವು ಇಲ್ಲಿ ಬೇಕೆಂದೇ ಕೈ ಓರೆ ಮಾಡಿ ಸುತ್ತುತ್ತೇವೆ. ನಿನ್ನ ಕೈಗೆ ಅದು ತಾನಾಗೇ ಬರುತ್ತದೆ. ಈ ಕೆಲಸಕ್ಕೆ ನಡುಕ ಒಂದು ವರ ಅಂತಲೇ ತಿಳಿದುಕೋ.

ದಾರ ಮಾತ್ರ ದಮ್ಮಯ್ಯ ಹತ್ತಿಯದೇ ಇರಲಿ.

ಗುಂಡುಸೂಜಿ


ಏಪ್ರಿಲ್ ೨೩

ಗುಂಡುಸೂಜಿ,

ವರವಂತೆ ವರ! ನನ್ನ ನಡುಕಕ್ಕೆ ಹೂವು ಮುಡಿಸಬೇಡ. ಲೋಟ ಹಿಡಿದರೆ ನೀರು ತುಳುಕುತ್ತದೆ, ಸೂಜಿಗೆ ದಾರ ಪೋಣಿಸಲು ಜೆರಾಕ್ಸಿನವಳನ್ನು ಕರೆಯಬೇಕು. ಗುಂಡಿ ಕಾಜ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ, ಇವತ್ತು ನನ್ನ ಕಾಜ ನೋಡಿದರೆ ನನಗೇ ಅಳು ಬರುತ್ತದೆ. ಅತ್ತೂ ಇದ್ದೇನೆ. ಇದು ರೋಗ. ರೋಗಕ್ಕೆ ರೋಗ ಅನ್ನು. ಚೆಂದ ಅನ್ನಬೇಡ.

ಆಯುಸ್ಸಿಡೀ ನೇರ ಹೊಲಿಗೆ ಹಾಕಿದವಳು ನಾನು. ಪಾಚಿಯನ್ನೂ ನೇರವಾಗಿಯೇ ಕಟ್ಟುತ್ತೇನೆ. ನಿನ್ನ ತೊಟ್ಟಿಯಮ್ಮನಿಗೆ ಓರೆ ಬೇಕಿದ್ದರೆ ಅವರ ತೊಟ್ಟಿಯಲ್ಲಿ ಕಟ್ಟಿಕೊಳ್ಳಲಿ.

ಇನ್ನು ಆ ದಾರದ ವಿಚಾರ. ಲೇ ದಡ್ಡಿ, ಎರಡು ಕಾಗದ ತುಂಬಾ ಕೊಳೆಯುವ ದಾರ, ತಡೆಯುವ ದಾರ, ಹಾಗೆ, ಹೀಗೆ ಅಂತ ಬರೆದೆಯಲ್ಲ, ಕಚ್ಚಾ ಹೊಲಿಗೆ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿರಲಿಲ್ಲವೇ? ಮೊನ್ನೆ ಒಂದು ಕೋಟಿನ ತೋಳಿಗೆ ಕಚ್ಚಾ ಹಾಕುತ್ತಾ ಕೂತಿದ್ದೆ. ದೊಡ್ಡ ದೊಡ್ಡ ಹೊಲಿಗೆ, ಬಡಕಲು ದಾರ. ಅಸಲಿ ಹೊಲಿಗೆ ಬೀಳುವವರೆಗೆ ತೋಳು ಅಲುಗದಿದ್ದರೆ ಸಾಕು, ಆಮೇಲೆ ಕಚ್ಚಾ ಎಳೆದು ಬಿಸಾಡುವುದೇ. ಅದಕ್ಕೆ ಯಾರಾದರೂ ಜೀನ್ಸ್ ದಾರ ಹಾಕುತ್ತಾರೆಯೇ? ಹಾಕಿದರೆ ಬಿಚ್ಚುವಾಗ ಬಟ್ಟೆಯೇ ಹರಿಯುತ್ತದೆ. ಅಲ್ಲೇ ಸೂಜಿ ಕೆಳಗಿಟ್ಟೆ. ಅಯ್ಯೋ, ಪಾಚಿಗೂ ಇದೇ ಅಲ್ಲವೇ ಅಂತ. ಅಸಲಿ ಹೊಲಿಗೆ ಹಾಕುವವರು ನಾವಲ್ಲ, ಪಾಚಿ. ನಮ್ಮದು ಬರೀ ಕಚ್ಚಾ.

ಕಚ್ಚಾ ದಾರದ ಉಂಡೆ ನನ್ನ ಮೇಜಿನ ಮೇಲೇ ಇತ್ತು. ಪಕ್ಕಾ ಹತ್ತಿ.

ಆದರೂ ಸುತ್ತುವಾಗ ಕೈ ಕುಣಿಯಿತು. ಎರಡು ಸಲ ಪಾಚಿ ಜಾರಿ ನೆಲಕ್ಕೆ ಬಿತ್ತು. ಸಿಟ್ಟು ಬಂದು ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತೆ. ಅಲ್ಲೇ ಹೊಳೆಯಿತು ನೋಡು. ಯಂತ್ರದಲ್ಲಿ ಸೂಜಿ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ. ಇದ್ದಲ್ಲೇ ಇರುತ್ತದೆ, ಓಡಾಡುವುದು ಬಟ್ಟೆ. ಸರಿ, ಬಲಗೈಯಲ್ಲಿ ದಾರ ಹಿಡಿದು, ಮೊಣಕೈಯನ್ನು ಪಕ್ಕೆಗೆ ಅವುಚಿ, ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿಬಿಟ್ಟೆ. ಒತ್ತಿದ ಕೈ ಅಷ್ಟಾಗಿ ನಡುಗುವುದಿಲ್ಲ. ಎಡಗೈಯಲ್ಲಿ ಕೊರಡನ್ನು ನಿಧಾನಕ್ಕೆ ತಿರುಗಿಸಿದೆ, ಬಾಬಿನ್ನಿಗೆ ದಾರ ಸುತ್ತಿದ ಹಾಗೆ. ಕೈ ಓಡಾಡದಿದ್ದರೆ ಮರ ಓಡಾಡಲಿ!

ದಾರ ಸಾಲಾಗಿ ಕೂತಿತು. ಪಾಚಿ ತೆಳ್ಳಗೆ, ಸಂದಿಯಲ್ಲಿ ಮರ ಕಾಣುವ ಹಾಗೆ. ಕೊನೆಗೆ ಗಂಟು ಮಾತ್ರ ಜೆರಾಕ್ಸಿನವಳಿಂದ ಹಾಕಿಸಿದೆ. ಅವಳ ಗಂಟು ದರಿದ್ರವಾಗಿದೆ. ಟೈಪ್ ಮಾಡು, ದರಿದ್ರ ಅಂತಲೇ ಮಾಡು.

ಇದೇ ಉಪಾಯ ಬಟ್ಟೆಗೂ ಬಂತು. ಇನ್ನು ಮೇಲೆ ಕೈಹೊಲಿಗೆ ಇಲ್ಲ. ಪರದೆ, ಸಮವಸ್ತ್ರ, ದಿಂಬಿನ ಚೀಲ, ಯಂತ್ರದಲ್ಲಿ ಆಗುವುದಷ್ಟೇ. ಬಾಗಿಲಿಗೆ ಬೋರ್ಡು ಹಾಕಿಸಿದ್ದೇನೆ: "ಇಲ್ಲಿ ಕೈಹೊಲಿಗೆ ಮಾಡುವುದಿಲ್ಲ. ಯಾಕೆ ಅಂತ ಕೇಳಬಾರದು." ಎಲ್ಲರೂ ಕೇಳುತ್ತಾರೆ. ಕೈ ಎತ್ತಿ ತೋರಿಸುತ್ತೇನೆ. ಮೊದಲು ಮುಚ್ಚಿಡುತ್ತಿದ್ದೆ, ಈಗ ಬಾವುಟ ಹಿಡಿದ ಹಾಗೆ ಎತ್ತುತ್ತೇನೆ.

ನಿನ್ನ ಅಮ್ಮ
(ಒಡತಿ, ಯಂತ್ರದ ಮುಂದೆ)


ಮೇ ೨೦

ಅಮ್ಮಾ,

ನಿನ್ನ ಒಂದು ಸಾಲಿನ ಕಾರ್ಡು ಬಂತು: "ಕೊರಡಿನ ಮೇಲೆ ಬಿಳೀ ಬೂಷ್ಟು, ಅಣ್ಣ ನೋಡಿ ಹಲ್ಲು ಕಿರಿದ, ಏನು ಗ್ರಹಚಾರ ಇದು?" ಗ್ರಹಚಾರವಲ್ಲ. ನೆನೆದ ಮರದ ಮೇಲೆ ಅದು ಬಂದೇ ಬರುತ್ತದೆ, ತಾನಾಗೇ ಹೋಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತೆಗೆ, ಪಾಚಿ ಮುಟ್ಟಬೇಡ. ಮಾವ ಹಲ್ಲು ಕಿರಿಯಲಿ ಬಿಡು. ಆ ಬ್ರಷ್ಷು ಅವನಿಗೂ ಕೊಡು.

"ನಡುಕಕ್ಕೆ ಹೂವು ಮುಡಿಸಬೇಡ" ಅಂದ ಕಾಗದವನ್ನು ನಾನು ಯಾರಿಗೂ ಓದಲಿಲ್ಲ. ಒಬ್ಬಳೇ ಓದಿದೆ. ನನ್ನದು ತಪ್ಪಾಯಿತು. ಸಮಾಧಾನ ಮಾಡಲು ಹೋಗಿ ಸುಳ್ಳು ಹೇಳಿದೆ.

ನಿನ್ನ ಮರ ತಿರುಗಿಸುವ ಉಪಾಯ ಮಾತ್ರ ಎಲ್ಲರಿಗೂ ತೋರಿಸಿದೆ. ತೊಟ್ಟಿಯಮ್ಮ ಒಂದು ಕೊರಡು ಸುತ್ತಿ ನೋಡಿ, "ಇಷ್ಟು ದಿನ ನಾವು ಮರದ ಸುತ್ತ ಪ್ರದಕ್ಷಿಣೆ ಹಾಕ್ತಿದ್ವಲ್ಲೇ!" ಅಂದರು. ಈಗ ಇಲ್ಲಿ ಎಲ್ಲರೂ ಮಣಿಕಟ್ಟು ಒತ್ತಿ ಮರ ತಿರುಗಿಸುತ್ತಾರೆ. ಸುತ್ತಿದ ಮೇಲೆ ಓರೆ ಮಾಡುತ್ತೇವೆ, ಅದು ನಮ್ಮ ಹಣೆಬರಹ, ಕ್ಷಮಿಸು.

ನನ್ನ ದೊಡ್ಡ ತೊಟ್ಟಿ ನನಗೇ ವಾಪಸು ಸಿಕ್ಕಿದೆ. ಒಂದು ಕಚೇರಿಯ ಒಳಗೆ, ಬಾಗಿಲ ಪಕ್ಕದಲ್ಲಿ, ಗೋಡೆಯಷ್ಟು ಉದ್ದ. ನಿನ್ನೆ ಅಲ್ಲಿನ ಮ್ಯಾನೇಜರ್ ಬಂದು, "ಪ್ಲಾಸ್ಟಿಕ್ ಪಾಚಿ ಹಾಕಿಬಿಡಿ, ಒಂದೇ ದಿನದಲ್ಲಿ ಮುಗಿಯತ್ತೆ, ಯಾರಿಗೆ ಗೊತ್ತಾಗತ್ತೆ?" ಅಂದರು. ನನಗೆ ಗಂಟಲವರೆಗೆ ನ್ಯಾಯವಾದ, ಸಭ್ಯವಾದ ಉತ್ತರ ಬಂದಿತ್ತು. ಬಾಯಿಂದ ಬಂದದ್ದು ಬೇರೆ. "ಮೀನಿಗೆ ಗೊತ್ತಾಗತ್ತೆ ಸಾರ್. ನನಗೂ ಗೊತ್ತಾಗತ್ತೆ. ಪ್ಲಾಸ್ಟಿಕ್ ಬೇಕಿದ್ದರೆ ಬೇರೆಯವರನ್ನ ಕರೀರಿ" ಅಂದೆ. ಥೇಟ್ ನಿನ್ನ ದನಿ, ಅಮ್ಮಾ. ನನಗೇ ಒಮ್ಮೆ ತಿರುಗಿ ನೋಡುವ ಹಾಗಾಯಿತು, ನೀನು ಹಿಂದೆ ನಿಂತಿದ್ದೀಯೇನೋ ಅಂತ. ಅವರು ಗೊಣಗಿಕೊಂಡು ಹೋದರು. ಜೀವಂತ ಪಾಚಿಯೇ ಆಗಲಿ ಅಂತ ಸಂಜೆ ಹೇಳಿ ಕಳಿಸಿದರು.

ನಾನು ಇಲ್ಲೇ ಇರುತ್ತೇನೆ. ಇದು ನನ್ನ ಕೆಲಸ. ನಿನ್ನನ್ನು ನೆನೆದರೆ ಅಳು ಬರುವುದು ಬೇರೆ ವಿಷಯ, ಅದಕ್ಕೂ ಇದಕ್ಕೂ ಗಂಟು ಹಾಕುವುದಿಲ್ಲ.

ಜೂನ್ ಕೊನೆಯಲ್ಲಿ ಏನಾಯಿತು ಅಂತ ತಕ್ಷಣ ಬರಿ. ಅಂಗಡಿ ಹೋದರೆ ಹೋಯಿತು ಅಂತಲೂ ಬರಿ, ಮುಚ್ಚಿಡಬೇಡ.

ನಿನ್ನ
ಗುಂಡುಸೂಜಿ


ಜುಲೈ ೧

ಮಗಳೇ,

ಇವತ್ತು ಜೆರಾಕ್ಸಿನವಳಿಗೆ ರಜೆ. ನಾನೇ ಬರೆಯುತ್ತಿದ್ದೇನೆ. ಮಣಿಕಟ್ಟು ಮೇಜಿಗೆ ಒತ್ತಿ, ಎಡಗೈಯಲ್ಲಿ ಕಾಗದ ಸರಿಸುತ್ತಾ. ಅಕ್ಷರ ಓದಲು ಬಂದರೆ ಓದು, ಬಾರದಿದ್ದರೆ ಊಹಿಸು.

ನಿನ್ನೆ ಅಣ್ಣ ಬಂದ. ಒಬ್ಬನೇ ಅಲ್ಲ, ಕನ್ನಡಕದ ವ್ಯಾಪಾರಿಯನ್ನೂ ಕರೆದುಕೊಂಡು. ಆ ಮನುಷ್ಯ ಅಳತೆಪಟ್ಟಿ ತಂದಿದ್ದ, ಗೋಡೆ ಅಳೆಯಲು. ನಾನು ಪರದೆ ಹೊಲಿಯುತ್ತಿದ್ದೆ, ಏಳಲಿಲ್ಲ.

ತೊಟ್ಟಿಯ ದೀಪ ಹಾಕಿತ್ತು. ಪಾಚಿ ಕೊರಡಿನ ತುಂಬಾ ಹಬ್ಬಿ, ಅದರ ತುದಿಯಿಂದ ಕೆಳಗೆ ಇಳಿದಿದೆ. ಸಣ್ಣ ಮೀನುಗಳನ್ನು ಬಿಟ್ಟಿದ್ದೇನೆ, ಅವು ಅದರೊಳಗೆ ನುಸುಳಿ ಆ ಕಡೆಯಿಂದ ಬರುತ್ತವೆ. ಅಣ್ಣ ಬಗ್ಗಿ ನೋಡಿದ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ಏನೂ ಸಿಗಲಿಲ್ಲ. ಕೊನೆಗೆ ಒಂದು ದಾರದ ತುದಿ ಹೊರಗೆ ಇಣುಕಿದ್ದು ಕಂಡಿತು ಅವನಿಗೆ.

ಅಂಗಿಯ ತೋಳು ಮಡಚಿದ, ಮುಚ್ಚಳ ಸರಿಸಿದ, ಕೈ ಹಾಕಿ ಆ ತುದಿ ಹಿಡಿದು ಎಳೆದ. ಸರಕ್ಕನೆ ಒಂದು ಗೇಣು ದಾರ ಕಿತ್ತು ಅವನ ಕೈಗೆ ಬಂತು.

"ನೋಡಿದೆಯಾ?" ಅಂದ. ಮುಖ ಊರಗಲವಾಗಿತ್ತು. "ನಿನ್ನ ಹೊಲಿಗೆ ಬಿಟ್ಕೊಳ್ತು. ನಾನು ಹೇಳಿದ್ದೇ ಇದು. ಕೈ ಹೋಗಿದೆ ಕಣೇ ನಿಂದು, ಒಪ್ಪಿಕೋ."

ಗುಂಡುಸೂಜಿ, ಒಂದು ಗಳಿಗೆ ನಾನೂ ಹೆದರಿದೆ, ಸುಳ್ಳು ಯಾಕೆ ಹೇಳಲಿ. ನೀನು ಒಂದೆರಡು ತಿಂಗಳು ಅಂದಿದ್ದೆ. ಪಾಚಿ ಹಿಡಿದಿದೆಯೋ ಇಲ್ಲವೋ, ನಾನು ಎಳೆದು ನೋಡಿರಲಿಲ್ಲ. ಧೈರ್ಯವಾಗಿರಲಿಲ್ಲ. ಆದರೆ ಅವನು "ಒಪ್ಪಿಕೋ" ಅಂದನಲ್ಲ, ಆ ಮಾತಿಗೆ ನನ್ನ ರಕ್ತ ಕುದಿಯಿತು.

"ಎಳಿ ಅಣ್ಣಾ" ಅಂದೆ.

"ಏನು?"

"ಶುರು ಮಾಡಿದ್ದೀಯಲ್ಲ, ನಿಲ್ಲಿಸಬೇಡ. ಪೂರ್ತಿ ಎಳಿ."

ಎಳೆದ. ತುಂಡು ತುಂಡಾಗಿ ಬಂತು, ಎಲ್ಲಾ ಬಂತು, ಜೆರಾಕ್ಸಿನವಳ ಆ ದರಿದ್ರ ಗಂಟೂ ಬಂತು. ಕೈಯೆಲ್ಲಾ ಕೊಳೆತ ದಾರ ಅಂಟಿಸಿಕೊಂಡು, ಮೊಣಕೈಯಿಂದ ನನ್ನ ನೆಲದ ಮೇಲೆ ನೀರು ಸುರಿಸುತ್ತಾ ನಿಂತ. ಪಾಚಿ ಒಂದೆಳೆಯೂ ಕದಲಲಿಲ್ಲ. ಅವನು ಬೆರಳಿನಿಂದ ಅದನ್ನು ನೂಕಿಯೂ ನೋಡಿದ. ಕೊರಡೇ ಅಲುಗಿತು, ಪಾಚಿ ಬಿಡಲಿಲ್ಲ.

"ಅದು ಕಚ್ಚಾ ಅಣ್ಣಾ" ಅಂದೆ. "ಬಿಚ್ಚಿ ಕೊಟ್ಟೆಯಲ್ಲ, ಉಪಕಾರ ಆಯ್ತು. ಅಸಲಿ ಹೊಲಿಗೆ ಆಗಲೇ ಬಿದ್ದಿದೆ."

ಕನ್ನಡಕದವನು ಆಗಿನಿಂದ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಎದ್ದು, ಅಳತೆಪಟ್ಟಿ ಜೇಬಿಗೆ ಹಾಕಿಕೊಂಡ. "ನಾನು ಬೇರೆ ಜಾಗ ನೋಡ್ಕೋತೀನಿ ಸಾರ್" ಅಂದ ಅಣ್ಣನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಅಲ್ಲಿಗೆ ಪರದೆ ಬೇಕಾಗತ್ತೆ, ಹೊಲಿದು ಕೊಡ್ತೀರಾ?" ಅಂದ. "ಬೋರ್ಡು ಓದಿ, ಕೈಹೊಲಿಗೆ ಬೇಡದಿದ್ದರೆ ಅಳತೆ ಕೊಡಿ" ಅಂದೆ.

ಅಣ್ಣನಿಗೆ ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಒರೆಸಿಕೊಳ್ಳುತ್ತಾ ನನ್ನ ಕೈಯನ್ನೇ ನೋಡುತ್ತಿದ್ದ, ಆಗ ಅದು ಚೆನ್ನಾಗಿಯೇ ಕುಣಿಯುತ್ತಿತ್ತು. "ನೋವಾಗತ್ತೇನೇ?" ಅಂತ ಕೇಳಿದ. ಇಷ್ಟು ದಿನಕ್ಕೆ ಮೊದಲ ಸಲ ಕೇಳಿದ್ದು. "ಇಲ್ಲ, ಬರೀ ರೇಗತ್ತೆ" ಅಂದೆ. ಬೀಗದ ಕೈ ಕೇಳದೆ ಹೋದ. ಅದು ಮೊಳೆಯ ಮೇಲೆ ನೇತಾಡುತ್ತಲೇ ಇದೆ.

ಅವನು ನೆಲಕ್ಕೆ ಬಿಸಾಡಿದ ದಾರವನ್ನು ಹೆಕ್ಕಿ, ಒಣಗಿಸಿ, ಈ ಕಾಗದದೊಳಗೆ ಇಟ್ಟಿದ್ದೇನೆ. ಹುಷಾರು, ಮುಟ್ಟಿದರೆ ಪುಡಿಯಾಗುತ್ತದೆ. ನನ್ನ ಆಯುಸ್ಸಿನಲ್ಲಿ ಬಿಟ್ಟುಕೊಂಡ ಮೊದಲ ಹೊಲಿಗೆ ಅದು.

ದೂರು ಕೊಡುವುದಿದ್ದರೆ ಅಂಗಡಿಗೇ ಬಾ. ಬಾಗಿಲು ತೆಗೆದಿರುತ್ತದೆ.

ಆಶೀರ್ವಾದ,
ನಿನ್ನ ಅಮ್ಮ
ಅಂಗಡಿಯ ಒಡತಿ